ಶೀಟು ಮನೆಯ ಲಸಿಕೆ

ಬೆಂಗಳೂರಿನವರು ಬಿಸಿಲಿನ ಮಾತೆತ್ತಿದರೆ ನನಗೆ ಆಗಲೂ ಸಿಟ್ಟು ಬರುತ್ತಿತ್ತು, ಈಗಲೂ ಬರುತ್ತದೆ. ಏಪ್ರಿಲ್ ಬಂದರೆ ಸಾಕು, ಬಸ್ಸಿನಲ್ಲಿ ಪಕ್ಕಕ್ಕೆ ಕೂತವರು ಸೆರಗಿನಿಂದ ಗಾಳಿ ಹಾಕಿಕೊಳ್ಳುತ್ತ "ಏನ್ ಶೆಕೆ ಕಣ್ರೀ" ಅನ್ನುವರು. ನಾನು ಗದಗಿನ ಕಡೆಯವಳು. ನಮ್ಮೂರಿನಲ್ಲಿ ಆ ತಿಂಗಳು ಮಧ್ಯಾಹ್ನ ನಾಯಿಗಳೂ ಬೀದಿಗಿಳಿಯುವುದಿಲ್ಲ. ಇವರು ಶೆಕೆ ಎನ್ನುವುದನ್ನು ನಾವು ಬೆಳಗಿನ ಹೊತ್ತು ಎನ್ನುತ್ತೇವೆ. ಆದರೆ ಇಡೀ ಬೆಂಗಳೂರಿನಲ್ಲಿ ನಮ್ಮೂರಿನ ಬಿಸಿಲಿದ್ದ ಜಾಗ ಒಂದಿತ್ತು. ಅದು ಶೆಟ್ಟಿಹಳ್ಳಿಯಲ್ಲಿ ನಾನು ಬಾಡಿಗೆಗಿದ್ದ ಮನೆ.

ಎಂಬತ್ತರ ದಶಕದ ಮೊದಲ ವರ್ಷಗಳು. ಜಾಲಹಳ್ಳಿಯ ಕಾರ್ಖಾನೆಗಳಿಗೆ ದುಡಿಯಲು ಬಂದ ನಮ್ಮಂಥವರಿಗಾಗಿ ಶೆಟ್ಟಿಹಳ್ಳಿ, ಅಬ್ಬಿಗೆರೆಯ ಒಕ್ಕಲು ಮನೆಯವರು ಹೊಲದ ಅಂಚಿಗೆ ಸಾಲಾಗಿ ಮನೆ ಕಟ್ಟಿಸಿ ಬಾಡಿಗೆಗೆ ಕೊಡುತ್ತಿದ್ದರು. ಒಂದು ಕೋಣೆ, ಒಂದು ಅಡುಗೆ ಮೂಲೆ, ಮೇಲೆ ಸಿಮೆಂಟ್ ಶೀಟು. ಹಗಲು ಕಾದ ಶೀಟು ದೀಪ ಹಚ್ಚಿದ ಮೇಲೂ ಟಿಕ್ ಟಿಕ್ ಎಂದು ಸದ್ದು ಮಾಡುತ್ತಿತ್ತು. ನಮ್ಮವರು ಒಂದು ಕಾರ್ಖಾನೆಯಲ್ಲಿ ಲೇತ್ ಮೇಲೆ ಕೆಲಸ ಮಾಡುತ್ತಿದ್ದರು. ನಾನು ಹೆಬ್ಬಾಳದಿಂದಾಚೆ, ಯಲಹಂಕದ ರಸ್ತೆಯ ಕಡೆ, ದನಗಳ ಲಸಿಕೆ ತಯಾರಿಸುವ ಒಂದು ಸಣ್ಣ ಘಟಕದಲ್ಲಿ ಲ್ಯಾಬ್ ಸಹಾಯಕಿ. ಕೆಲಸ ಟೆಂಪರರಿ. ಆ ಘಟಕ ಈಗ ಇಲ್ಲ, ಅದರ ಹೆಸರು ಹೇಳಿ ಯಾರಿಗೂ ಆಗಬೇಕಾದ್ದಿಲ್ಲ.

ಮಳೆಗಾಲದ ಕೊನೆಗೆ ನಮ್ಮವರಿಗೆ ಕಾಮಾಲೆಯಾಯಿತು. ಕಣ್ಣು ಹಳದಿಯಾದವು. ಯಾರೋ ಹೇಳಿದ ಸೊಪ್ಪಿನ ರಸ ಕುಡಿಸಿದೆವು, ಆಮೇಲೆ ಆಸ್ಪತ್ರೆಗೆ ಸೇರಿಸಿದೆವು. ದೀಪಾವಳಿಯ ಹೊತ್ತಿಗೆ ಅವರಿರಲಿಲ್ಲ. ಇಷ್ಟು ದೊಡ್ಡದನ್ನು ಇಷ್ಟು ಚಿಕ್ಕದಾಗಿ ಹೇಳಿದೆನೆಂದು ಬೇಸರಪಡಬೇಡಿ. ಆಗ ನನಗೆ ಅನ್ನಿಸಿದ್ದೂ ಇಷ್ಟೇ.

ಗದಗಿನ ಅತ್ತೆಯ ಮನೆಯಲ್ಲಿ ಹೆಂಗಸರೆಲ್ಲ ನನ್ನ ಸುತ್ತ ಕೂತು, ನಾನು ಅಳಲಿ ಎಂದು ಕಾಯುತ್ತಿದ್ದರು. ಗಂಡ ಸತ್ತವಳು ಅಳದಿದ್ದರೆ ದುಃಖ ಒಳಗೇ ಕಟ್ಟಿ ಜೀವಕ್ಕೆ ಮುಳುವಾಗುತ್ತದೆ ಎಂದು ನಮ್ಮ ಕಡೆ ಹೆದರುತ್ತಾರೆ. "ಅಳಸ್ರೆವಾ ಆಕೀನ್ನ" ಎಂದು ಒಬ್ಬಾಕೆ. ಇನ್ನೊಬ್ಬಾಕೆ ನಮ್ಮವರ ಶರ್ಟು ತಂದು ನನ್ನ ಮಡಿಲಿಗೆ ಹಾಕಿದಳು. ನಾನು ಬಾಗಿಲ ಬಳಿ ಬಿಟ್ಟಿದ್ದ ಚಪ್ಪಲಿಗಳನ್ನೇ ನೋಡುತ್ತಿದ್ದೆ. ಒಂದು ಜೋಡಿಯಲ್ಲಿ ಎರಡೂ ಎಡಗಾಲಿನವೇ ಇದ್ದವು. ಯಾರೋ ಎರಡೂ ಬಲಗಾಲಿನವನ್ನೇ ಮೆಟ್ಟಿಕೊಂಡು ಹೋಗಿದ್ದಾರೆ, ಅವರಿಗೆ ನಡೆಯುವಾಗ ಗೊತ್ತಾಗಲಿಲ್ಲವೇ ಎಂದು ಯೋಚಿಸುತ್ತಿದ್ದೆ. ಕೊನೆಗೆ ಆ ಹೆಂಗಸರಿಗೇ ದಣಿವಾಗಿ ಎದ್ದು ಹೋದರು.

ದಿನಕಾರ್ಯ ಮುಗಿದ ಮೇಲೆ ಭಾವನವರು, ಅಂದರೆ ನಮ್ಮವರ ಅಣ್ಣ, ನನ್ನನ್ನು ಕರೆದು ಕೂರಿಸಿಕೊಂಡರು. ಒಳ್ಳೆಯ ಮನುಷ್ಯ, ಮಾತು ಮಾತ್ರ ಒರಟು. "ಬೆಂಗಳೂರಾಗ ನಿನಗ ಯಾರದಾರವಾ? ಇಲ್ಲೇ ಇರು. ಮನಿ ಐತಿ, ಅತ್ತಿ ಅದಾಳ" ಎಂದರು. ಅಲ್ಲಿದ್ದರೆ ನನ್ನ ಮುಂದಿನ ದಿನಗಳು ಹೇಗಿರುತ್ತವೆಂದು ನನಗೆ ಗೊತ್ತಿತ್ತು. ಹಿಂದಿನ ಕೋಣೆ, ರೊಟ್ಟಿ ಬಡಿಯುವುದು, ಹಬ್ಬದ ದಿನ ಎದುರಿಗೆ ಬರದಂತೆ ಇರುವುದು. ಯಾರೂ ಕೆಟ್ಟವರಲ್ಲ, ಹಾಗಾಗಿ ಜಗಳವಾಡಲೂ ಬರುವುದಿಲ್ಲ. ನನ್ನ ಕೆಲಸ ಕಾಯಂ ಆಗುವ ಮಾತಿದೆ, ಬೇಸಗೆ ಮುಗಿಯುವವರೆಗೆ ನೋಡುತ್ತೇನೆ ಎಂದೆ. "ಆಗಲಿಲ್ಲಂದ್ರ?" ಎಂದರು. ಬರುತ್ತೇನೆ ಎಂದೆ. ಅಷ್ಟಕ್ಕೆ ಅವರು ಒಪ್ಪಿದರು. ಆ ಮಾತು ಆಡುವಾಗಲೂ ನನಗೆ ಬೆಂಗಳೂರಿನಲ್ಲಿರುವ ಆಸೆ ಇತ್ತೆಂದು ಹೇಳಲಾರೆ. ಆ ಹಿಂದಿನ ಕೋಣೆ ಬೇಡ ಎಂಬುದೊಂದು ಮಾತ್ರ ಗೊತ್ತಿತ್ತು.

ಮರಳಿ ಬಂದವಳು ಅವರ ಬಟ್ಟೆಗಳನ್ನೆಲ್ಲ ತಗಡಿನ ಟ್ರಂಕಿಗೆ ತುಂಬಿ, ನಡುನಡುವೆ ನುಸಿಗೆಂದು ಡಾಂಬರ ಗುಳಿಗೆಗಳನ್ನು ಬಟ್ಟೆಯಲ್ಲಿ ಗಂಟು ಕಟ್ಟಿ ಹಾಕಿ, ಶೀಟಿನ ಕೆಳಗಿನ ಹಲಗೆ ಅಟ್ಟದ ಮೇಲೆ ಏರಿಸಿಟ್ಟೆ. ಮರುದಿನ ಕೆಲಸಕ್ಕೆ ಹೋದೆ.

ನಾವು ಮಾಡುತ್ತಿದ್ದದ್ದು ದನಗಳ ದೊಡ್ಡರೋಗದ, ಅಂದರೆ ರಿಂಡರ್‌ಪೆಸ್ಟಿನ ಲಸಿಕೆ. ಆ ರೋಗ ಊರಿಗೆ ಬಂತೆಂದರೆ ಕೊಟ್ಟಿಗೆಗೆ ಕೊಟ್ಟಿಗೆಯೇ ಬರಿದು. ಅದರ ವೈರಸ್ಸನ್ನೇ ಪಳಗಿಸಿ, ಗಾಜಿನ ಬುಡ್ಡಿಗಳಲ್ಲಿ ಬೆಳೆಸಿ, ಆ ದ್ರವವನ್ನು ಸಣ್ಣ ಸೀಸೆಗಳಿಗೆ ತುಂಬಿ, ಹೆಪ್ಪುಗಟ್ಟಿಸಿ, ಹೆಪ್ಪಿನಲ್ಲೇ ಒಣಗಿಸಬೇಕು. ಒಣಗಿದ ಮೇಲೆ ಸೀಸೆಯ ತಳದಲ್ಲಿ ಬತ್ತಾಸಿನಂಥ ಒಂದು ಬಿಳಿ ಬಿಲ್ಲೆ ಉಳಿಯುತ್ತದೆ. ಅದು ನೆಟ್ಟಗೆ ನಿಂತಿದ್ದರೆ ಸರಿ, ಕುಸಿದಿದ್ದರೆ ಕೆಟ್ಟಿತು. ಒಣಗಿಸುವ ಯಂತ್ರ ಓಡುತ್ತಿರುವಾಗ ಕರೆಂಟು ಹೋದರೆ ಎಲ್ಲವೂ ಕುಸಿಯುತ್ತಿದ್ದವು, ಮತ್ತು ಆ ಕಾಲದಲ್ಲಿ ಕರೆಂಟು ಹೋಗುತ್ತಲೇ ಇತ್ತು.

ನೀರಾಗದೆ ಮಂಜು ಹೇಗೆ ಒಣಗುತ್ತದೆ ಎಂದು ಕೆಲಸಕ್ಕೆ ಸೇರಿದ ಹೊಸತರಲ್ಲಿ ಕೇಳಿದ್ದೆ. ನಮ್ಮ ಮುಖ್ಯಸ್ಥರು ಮೈಸೂರು ಕಡೆಯ ಪಶುವೈದ್ಯರು, ಡಾಕ್ಟರು ಅಂತಲೇ ಕರೆಯುತ್ತಿದ್ದೆವು. "ಪೆಟ್ಟಿಗೇಲಿ ನುಸಿಗುಳಿಗೆ ಹಾಕ್ತೀರಲ್ಲಮ್ಮ, ಅದು ಯಾವತ್ತಾದರೂ ಕರಗಿ ಬಟ್ಟೆ ಒದ್ದೆ ಮಾಡಿದ್ದು ನೋಡಿದೀರಾ? ಹಾಗೇ ಸಣ್ಣಗಾಗಿ ಗಾಳಿಗೆ ಹೋಗುತ್ತೆ. ಮಂಜಿಗೂ ನಾವು ಹಾಗೇ ಮಾಡ್ತೀವಿ" ಎಂದಿದ್ದರು. ಪಾಠ ಹೇಳುವುದರಲ್ಲಿ ಅವರು ಜಾಣರು.

ನನ್ನ ಪಾಲಿನ ಕೆಲಸ, ಸೀಸೆಗಳ ತಟ್ಟೆಗಳನ್ನು ಹೆಪ್ಪಿನ ಪೆಟ್ಟಿಗೆಗೆ ಇಡುವುದು, ತೆಗೆಯುವುದು, ಆಮೇಲೆ ಸೀಸೆಯ ಕತ್ತನ್ನು ಉರಿಯಲ್ಲಿ ಕರಗಿಸಿ ಮುಚ್ಚುವುದು. ಕೈಗವಸು ಕೊಟ್ಟಿದ್ದರು. ಊರಿಂದ ಬಂದ ಮೇಲೆ ನಾನು ಅದನ್ನು ಹಾಕಿಕೊಳ್ಳುತ್ತಿರಲಿಲ್ಲ. ತಟ್ಟೆ ಹಿಡಿದಾಗ ಬೆರಳು ಮೊದಲು ಉರಿಯುತ್ತಿದ್ದವು, ಆಮೇಲೆ ಜೋಮು ಹಿಡಿಯುತ್ತಿದ್ದವು, ಆಮೇಲೆ ಅವು ನನ್ನವೇ ಅಲ್ಲ. ಒಳಗೂ ಹೊರಗೂ ಒಂದೇ ಆದಂತೆ ಒಂದು ಸಮಾಧಾನ. ಡಾಕ್ಟರು ಇದನ್ನು ಒಂದು ದಿನ ನೋಡಿ, ಬೈಯುವ ಬದಲು ಮೆತ್ತಗೆ, "ನೀವೂ ಈ ಲಸಿಕೆ ಥರಾನೇ ಕಣಮ್ಮ. ಒಣಗಿದೀರಿ ಅಷ್ಟೇ. ನೀರು ಬಿದ್ದರೆ ಎದ್ದೇಳ್ತೀರಿ" ಎಂದರು. ನನಗೆ ಎಷ್ಟು ಸಿಟ್ಟು ಬಂತೆಂದರೆ, "ನನ್ನನ್ನ ಸೀಸೆಗೆ ಹಾಕಬ್ಯಾಡ್ರಿ ಸರ್" ಎಂದು ಅಂದೇಬಿಟ್ಟೆ. ಅವರು ಕೆಂಪಗಾದರು. ಆ ತಿಂಗಳುಗಳಲ್ಲಿ ನನಗೆ ಬರುತ್ತಿದ್ದದ್ದು ಸಿಟ್ಟೊಂದೇ, ಅದೂ ಬೇಗ ಇಳಿದುಹೋಗುತ್ತಿತ್ತು.

ಡಾಕ್ಟರಿಗೆ ಒಂದು ಹುಚ್ಚಿತ್ತು. ಐಸಿಲ್ಲದೆ ಉಳಿಯುವ ಲಸಿಕೆ. ಎಷ್ಟು ಚೆನ್ನಾಗಿ ಲಸಿಕೆ ಮಾಡಿದರೂ ಅದು ಹಳ್ಳಿ ತಲುಪುವುದು ಐಸಿನ ಫ್ಲಾಸ್ಕಿನಲ್ಲಿ. ಬಸ್ಸು ಕೆಟ್ಟು ನಿಂತರೆ, ಸೈಕಲ್ಲು ಪಂಕ್ಚರ್ ಆದರೆ ಐಸು ಕರಗುತ್ತದೆ, ಲಸಿಕೆ ಸಾಯುತ್ತದೆ. ಸತ್ತ ಲಸಿಕೆ ನೋಡಲು ಬದುಕಿರುವ ಲಸಿಕೆಯ ಹಾಗೇ ಇರುತ್ತದೆ, ಚುಚ್ಚಿದವನಿಗೂ ತಿಳಿಯುವುದಿಲ್ಲ. ಹಾಗಾಗಿ ಅವರು ಆ ಚಳಿಗಾಲ ಪೂರ್ತಿ ಸಕ್ಕರೆಯ ಪಾಕದ ಅಳತೆ ಬದಲಿಸಿ, ಮಾಮೂಲಿಗಿಂತ ಹೆಚ್ಚು ಹೊತ್ತು ಒಣಗಿಸಿ, ಒಂದು ಹೊಸ ಬ್ಯಾಚು ಮಾಡಿದರು. ಅದು ಬೇಸಗೆಯನ್ನು ತಡೆಯುತ್ತದೆಯೇ ನೋಡಬೇಕು. ಶಾಖದ ಪೆಟ್ಟಿಗೆಯಲ್ಲಿಟ್ಟು ನೋಡಬಹುದಿತ್ತು, ಆದರೆ ಕರೆಂಟಿನ ಕಣ್ಣಾಮುಚ್ಚಾಲೆಯಲ್ಲಿ ಅದಕ್ಕೂ ಭರವಸೆಯಿಲ್ಲ. "ಅಲ್ಲದೆ ಪೆಟ್ಟಿಗೆಯೊಳಗೆ ಹಳ್ಳಿ ಇರಲ್ಲಮ್ಮ. ಒಂದು ನಿಜವಾದ ಮನೇಲಿಟ್ಟು ನೋಡಬೇಕು" ಎಂದರು. ಆರ್.ಟಿ. ನಗರದವರು, ಯಶವಂತಪುರದವರು ತಮ್ಮ ಮನೆ ಹೇಳಿದರು. ಎಲ್ಲರದೂ ತಾರಸಿ ಮನೆ, ತಂಪು. ನನ್ನದೊಂದೇ ಶೀಟು. ಜೀವನದಲ್ಲಿ ಮೊದಲ ಸಲ ನನ್ನ ಮನೆ ಯಾವುದರಲ್ಲೋ ಮೊದಲು ಬಂದಿತ್ತು.

ಈ ಪ್ರಯೋಗ ಗೆದ್ದರೆ ವಿಭಾಗಕ್ಕೆ ಮುಂದಿನ ವರ್ಷವೂ ಹಣ, ನನ್ನ ಕೆಲಸವೂ ಉಳಿಯುತ್ತದೆ ಎಂದು ಡಾಕ್ಟರು ಸ್ಪಷ್ಟವಾಗಿ ಹೇಳಿದರು. ಸೋತರೆ ಬೇಸಗೆಯ ಕೊನೆಗೆ ಟೆಂಪರರಿಗಳೆಲ್ಲ ಮನೆಗೆ. ನನ್ನ ಮಟ್ಟಿಗೆ ಮನೆ ಎಂದರೆ ಗದಗಿನ ಹಿಂದಿನ ಕೋಣೆ.

ಯುಗಾದಿಯಾದ ಮೇಲೆ ಒಂದು ಸಂಜೆ ಸೀಸೆಗಳನ್ನು ತಂದೆ. ಬಿಸ್ಕತ್ತಿನ ತಗಡಿನ ಡಬ್ಬಿಯಲ್ಲಿ ಹತ್ತಿ ಹಾಸಿ ಜೋಡಿಸಿ, ಅಡುಗೆ ಮೂಲೆಯ ಗೂಡಿನಲ್ಲಿ ಉಪ್ಪಿನ ಜಾಡಿಯ ಪಕ್ಕ ಇಟ್ಟೆ. ಒಂದು ಹಿಡಿಯಷ್ಟು ಸೀಸೆ ಡಬ್ಬಿಯಲ್ಲಿ ಹಿಡಿಸಲಿಲ್ಲ. ಎಲ್ಲಿಡುವುದೆಂದು ನೋಡಿ, ಸ್ಟೂಲು ಹತ್ತಿ, ಅಟ್ಟದ ಮೇಲಿನ ಟ್ರಂಕು ತೆಗೆದು, ನಮ್ಮವರ ನೀಲಿ ಯೂನಿಫಾರ್ಮಿನ ಮೇಲೆ ಕರವಸ್ತ್ರದಲ್ಲಿ ಸುತ್ತಿಟ್ಟು ಮುಚ್ಚಿದೆ. ಆ ಬಟ್ಟೆ ಮುಟ್ಟಿದಾಗ ಏನಾದರೂ ಅನ್ನಿಸಬಹುದೆಂದು ಒಂದು ಗಳಿಗೆ ನಿಂತಿದ್ದೆ. ಏನೂ ಅನ್ನಿಸಲಿಲ್ಲ. ಇಳಿದು ಅನ್ನಕ್ಕಿಟ್ಟೆ. ಆ ಹಿಡಿ ಸೀಸೆಗಳನ್ನು ಮರೆತೂಬಿಟ್ಟೆ. ಆಗ ನಾನು ಮಾಡಿದ ಕೆಲಸ ನನಗೆ ನೆನಪಿರುತ್ತಿರಲಿಲ್ಲ, ಹಾಲು ಕಾಯಿಸಿ ಮತ್ತೆ ಹಾಲು ತರಲು ಹೋದವಳು ನಾನು.

ಇನ್ನು ಅಜ್ಜಿಯ ವಿಷಯ. ಮನೆಯ ಓನರಿನ ತಾಯಿ, ಆ ವಠಾರಕ್ಕೆಲ್ಲ ಅಜ್ಜಿ. ಹೊಲ ಒಂದೊಂದೇ ಸೈಟಾಗಿ ಹೋದರೂ ಮನೆಯ ಹಿಂದೆ ಹಸು ಕಟ್ಟುವುದನ್ನು ಬಿಟ್ಟಿರಲಿಲ್ಲ. ನಲ್ಲಿಯಲ್ಲಿ ನೀರು ಬರುತ್ತಿದ್ದದ್ದು ನಾವೆಲ್ಲ ಕೆಲಸಕ್ಕೆ ಹೋದ ಮೇಲೆ. ಅದಕ್ಕೇ ಬಾಡಿಗೆಯವರೆಲ್ಲ ಬೀಗದ ಇನ್ನೊಂದು ಕೈ ಅಜ್ಜಿಗೆ ಕೊಟ್ಟಿರುತ್ತಿದ್ದೆವು. ಆಕೆ ಮನೆ ಮನೆಗೆ ಹೋಗಿ ಕುಡಿಯುವ ನೀರಿನ ಹರವಿ ತುಂಬಿಸಿ, ಅದರ ಕೆಳಗಿನ ಮರಳಿಗೂ ಒಂದು ಚೊಂಬು ನೀರು ಚಿಮುಕಿಸಿ ಬರುತ್ತಿದ್ದಳು. ನಮ್ಮವರು ಹೋದ ಮೇಲೆ ನನಗೆ ಆಕೆ ಸಮಾಧಾನದ ಮಾತು ಹೇಳಲಿಲ್ಲ. ಅದಕ್ಕಾಗಿ ನನಗೆ ಆಕೆ ಇಷ್ಟ.

ಡಬ್ಬಿ ನೋಡಿ, "ಏನ್ ಮಗ ಇದು?" ಎಂದು ಕೇಳಿದಳು. ಹೇಳಿದೆ. ದನಕ್ಕೆ ಹಾಕುವ ಔಷಧ, ಇದರೊಳಗೆ ಜೀವವಿದೆ, ಸತ್ತಿಲ್ಲ, ಒಣಗಿ ಮಲಗಿದೆ, ನೀರು ಹಾಕಿದರೆ ಏಳುತ್ತದೆ, ಇಲ್ಲೇ ಇರಲಿ, ಮುಟ್ಟಬೇಡ. ಅಜ್ಜಿ ಡಬ್ಬಿ ನೋಡಿದಳು, ತಲೆಯ ಮೇಲಿನ ಶೀಟು ನೋಡಿದಳು. "ಜೀವ ಅದೆ ಅಂತೀಯ?" ಎಂದಳು. ಅದೆ ಎಂದೆ.

ಬೇಸಗೆ ಬಂತು. ಆ ವರ್ಷ ಮುಂಗಾರಿಗೆ ಮೊದಲಿನ ಮಳೆಯೂ ಕೈಕೊಟ್ಟಿತು. ಕೆಲಸದಿಂದ ಬಂದು ಬಾಗಿಲು ತೆರೆದರೆ ಒಲೆಯ ಬಾಯಿ ತೆರೆದಂತೆ ಕಾವು ಮುಖಕ್ಕೆ ಬಡಿಯುತ್ತಿತ್ತು. ಗೂಡಿನಲ್ಲಿದ್ದ ಡಬ್ಬಿ ತೆರೆದು ನೋಡುತ್ತಿದ್ದೆ. ಬಿಲ್ಲೆಗಳು ನೆಟ್ಟಗೆ ನಿಂತಿದ್ದವು. ಒಮ್ಮೊಮ್ಮೆ ಡಬ್ಬಿಯ ತಳಕ್ಕೆ ಒಂದೆರಡು ಮರಳಿನ ಕಣ ಅಂಟಿರುತ್ತಿದ್ದವು, ಊದಿ ಹಾಕುತ್ತಿದ್ದೆ. ಹೊಲದ ಪಕ್ಕದ ಮನೆ, ಧೂಳಿಗೇನು ಬರ.

ಮೇ ತಿಂಗಳ ಕೊನೆಗೆ ಡಬ್ಬಿಯನ್ನು ಲ್ಯಾಬಿಗೆ ಒಯ್ದೆ. ಪರೀಕ್ಷೆ ಮಾಡುವ ಬಗೆ ಸ್ವಲ್ಪ ವಿಚಿತ್ರ. ಬುಡ್ಡಿಯಲ್ಲಿ ಬೆಳೆಸಿದ ಜೀವಕೋಶಗಳ ಮೇಲೆ ಲಸಿಕೆಯನ್ನು ಕದಡಿ ಹಾಕಿ, ದಿನಾ ಸೂಕ್ಷ್ಮದರ್ಶಕದಲ್ಲಿ ನೋಡುವುದು. ಕೋಶಗಳು ಹಾಯಾಗಿದ್ದರೆ ಲಸಿಕೆ ಸತ್ತಿದೆ. ಕೋಶಗಳು ಸುಕ್ಕಿ ಉದುರಿದರೆ ಲಸಿಕೆ ಬದುಕಿದೆ. ಅಲ್ಲಿ ಸಾವು ಕಂಡರೆ ನಾವು ಸಂತೋಷಪಡುತ್ತಿದ್ದೆವು. ವಾರದ ಹೊತ್ತಿಗೆ ಕೋಶಗಳೆಲ್ಲ ಉದುರಿ ಬುಡ್ಡಿಗಳು ಬರಿದಾದವು. ಹೋಲಿಸಿ ನೋಡಲೆಂದು ಲ್ಯಾಬಿನ ಫ್ರಿಜ್ಜಿನಲ್ಲಿಟ್ಟಿದ್ದ ಸೀಸೆಗಳಿಗೂ ನನ್ನ ಮನೆಯ ಸೀಸೆಗಳಿಗೂ ವ್ಯತ್ಯಾಸವೇ ಇರಲಿಲ್ಲ. ಡಾಕ್ಟರು ಎಲ್ಲರಿಗೂ ಮೈಸೂರು ಪಾಕು ತರಿಸಿದರು. ನನ್ನ ಕೆಲಸದ ಬಗ್ಗೆ ಮೇಲಿನವರಿಗೆ ನಾಳೆಯೇ ಹೇಳುತ್ತೇನೆಂದರು. ಆ ದಿನ ನನಗೆ ಸಂತೋಷವಾಯಿತೇ ಎಂದರೆ, ಆಗಬೇಕಾದ್ದು ಆಯಿತು ಎನ್ನಿಸಿತು. ಮೈಸೂರು ಪಾಕಿನ ಒಂದು ತುಂಡನ್ನು ಕಾಗದದಲ್ಲಿ ಕಟ್ಟಿಕೊಂಡು ಅಜ್ಜಿಗೆ ತಂದೆ.

ಅಜ್ಜಿ ಹಸುವಿನ ಮುಂದೆ ಹುಲ್ಲು ಹಾಕುತ್ತಿದ್ದಳು. "ಅಜ್ಜಿ, ಔಷಧ ನಿಂತಿತು. ಬಿಸಿಲಿಗೆ ಕೆಡಲಿಲ್ಲ" ಎಂದೆ.

"ಎಂಗ್ ಕೆಡ್ತದೆ ಮಗ?" ಎಂದಳು ಅಜ್ಜಿ, ಮೈಸೂರು ಪಾಕು ಬಾಯಿಗೆ ಹಾಕಿಕೊಳ್ಳುತ್ತ. "ದಿನಾ ಅರ್ವಿ ಕೆಳಗೆ ಮರಳಾಗೆ ಊತು ಮಡಗ್ತಿದ್ನಲ್ಲ."

ನನಗೆ ಮೊದಲು ತಿಳಿಯಲಿಲ್ಲ. ಇನ್ನೊಮ್ಮೆ ಕೇಳಿದೆ. ಅಜ್ಜಿ ಯಾವ ಅಳುಕೂ ಇಲ್ಲದೆ ಹೇಳಿದಳು. ನಾನು ಕೆಲಸಕ್ಕೆ ಹೋದ ಮೇಲೆ ನೀರು ತುಂಬಲು ಬಂದಾಗ ಡಬ್ಬಿಯನ್ನು ಗೂಡಿನಿಂದ ತೆಗೆದು, ಹರವಿಯ ಕೆಳಗಿನ ತೇವದ ಮರಳಿನಲ್ಲಿ ಹೂತು, ಮೇಲೆ ನೀರು ಚಿಮುಕಿಸಿ ಹೋಗುವುದು. ಸಂಜೆ ನಾನು ಬರುವ ಮೊದಲು ತೆಗೆದು, ಸೆರಗಿನಿಂದ ಒರೆಸಿ, ಮತ್ತೆ ಉಪ್ಪಿನ ಜಾಡಿಯ ಪಕ್ಕ ಇಡುವುದು. ಬೇಸಗೆ ಪೂರ್ತಿ.

"ಮುಟ್ಟಬ್ಯಾಡ ಅಂದಿದ್ದೆನಲ್ಲ ಅಜ್ಜಿ."

"ಅಂದಿದ್ದೆ ಕಣ್ ಮಗ. ನೀನು ಓದ್ದೋಳು, ಏಳಿದ್ರೆ ಬ್ಯಾಡ ಅಂತೀಯ ಅಂತಲೇ ಏಳ್ಳಿಲ್ಲ. ನಿಂಗೇನ್ ಗೊತ್ತು? ನಾನು ಈ ಮನೆಗೆ ಸೊಸೆಯಾಗಿ ಬಂದ ಒಸದ್ರಲ್ಲಿ ದೊಡ್ರೋಗ ಬಂತು. ಸೂಜಿ ಚುಚ್ಚೋನು ಸೈಕಲ್ ಮ್ಯಾಲೆ ಬಂದ. ಐಸೆಲ್ಲ ಕರಗಿ ನೀರಾಗೋಗಿತ್ತು ಅವನ ಡಬ್ಬದಾಗೆ. ಪಾಪ, ಅಂಗೇ ಚುಚ್ದ. ಒಂದು ಅಸು ಉಳೀಲಿಲ್ಲ ಕೊಟ್ಗೇಲಿ. ಔಸದಿ ತಣ್ಣಗಿರ್ಬೇಕು ಮಗ. ಅದರಾಗೂ ಜೀವ ಅದೆ ಅಂದೆ. ಜೀವ ಇರೋದ್ನ ಇಂತಾ ಬಿಸ್ಲಾಗೆ ಮಡಗ್ತಾರ? ತಣ್ಣಗಿರ್ಲಿ ಅಂತ ಮಡಗ್ದೆ."

ಯಾರನ್ನು ಬೈಯಲಿ? ತಣ್ಣಗಿರು ಎಂದು ಹರಸುವ ಜನ ನಾವು. ಹೊಟ್ಟೆ ತಣ್ಣಗಿರಲಿ, ಮನೆ ತಣ್ಣಗಿರಲಿ. ಆಕೆ ಹರಸುವುದನ್ನು ಕೈಯಾರೆ ಮಾಡಿದ್ದಳು, ಅಷ್ಟೇ. ನನಗೆ ಸಿಟ್ಟೂ ಬರಲಿಲ್ಲ. ಒಳಗೆ ಹೋಗಿ ಹರವಿಯ ಬುಡ ನೋಡಿದೆ. ಡಬ್ಬಿಯ ಆಕಾರದ ಗುಳಿ ಇನ್ನೂ ಹಾಗೇ ಇತ್ತು, ಅಂಚಿನಲ್ಲಿ ಯಾವುದೋ ಕಾಳು ಮೊಳೆತಿತ್ತು.

ಮರುದಿನ ಬೆಳಿಗ್ಗೆ ಡಾಕ್ಟರು ಬ್ಯಾಗು ಇಳಿಸುವ ಮೊದಲೇ ಹೇಳಿದೆ. ಮುಚ್ಚಿಡಬೇಕೆಂದು ಅನ್ನಿಸಲೂ ಇಲ್ಲ, ಮುಚ್ಚಿಡುವುದಕ್ಕೂ ಒಂದು ಚೈತನ್ಯ ಬೇಕಲ್ಲ. ಅವರು ಕುರ್ಚಿಯಲ್ಲಿ ಕೂತು ಬಹಳ ಹೊತ್ತು ಕನ್ನಡಕ ಒರೆಸಿದರು. ಒಂದು ಸಲ ನಕ್ಕರು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎಂದರು. ಮತ್ತೆ ಇಟ್ಟು ನೋಡೋಣವೆಂದರೆ ಕೊಡಗಟ್ಟಲೆ ಮಳೆ ಆಗಲೇ ಶುರುವಾಗಿತ್ತು, ಆ ವರ್ಷದ ಬಿಸಿಲು ಮುಗಿದಿತ್ತು. ಆಮೇಲೆ, ಏನೋ ಕೇಳಬೇಕಲ್ಲ ಎಂಬಂತೆ, "ಎಲ್ಲ ಸೀಸೆಗಳೂ ಆ ಡಬ್ಬೀಲೇ ಇದ್ವಾ?" ಎಂದು ಕೇಳಿದರು.

ಆಗ ನೆನಪಾಯಿತು.

ಅರ್ಧ ದಿನ ರಜೆ ಕೇಳಿ ಮನೆಗೆ ಬಂದರೆ ಕಟ್ಟೆಯ ಮೇಲೆ ಭಾವನವರು ಕೂತಿದ್ದರು, ಪಕ್ಕದಲ್ಲಿ ಒಂದು ಖಾಲಿ ಚೀಲ. ಬೇಸಗೆ ಮುಗಿಯಿತಲ್ಲ, ಮಾತಿನಂತೆ ಬಂದಿದ್ದರು. ಅಜ್ಜಿ ಅವರಿಗೆ ಮಜ್ಜಿಗೆ ಕೊಟ್ಟಿದ್ದಳು. "ಏನಾತವಾ ನಿನ್ನ ಕೆಲಸ?" ಎಂದರು. ಗೊತ್ತಿಲ್ಲ ಎಂದು ಒಳಗೆ ಹೋಗಿ ಸ್ಟೂಲು ಎಳೆದೆ. ಟ್ರಂಕಿಗೆ ಕೈ ಹಾಕಿದ್ದು ನೋಡಿ ಅವರು ನಾನು ಹೊರಡಲು ಸಾಮಾನು ಕಟ್ಟುತ್ತಿದ್ದೇನೆ ಎಂದುಕೊಂಡರು. "ಬಿಡು, ನಾ ಇಳಸ್ತೇನಿ" ಎಂದು ತಾವೇ ಹತ್ತಿ ಇಳಿಸಿದರು. ಅದು ಯಾರ ಟ್ರಂಕೆಂದು ಅವರಿಗೆ ಗೊತ್ತಿರಲಿಲ್ಲ.

ಮುಚ್ಚಳ ತೆರೆದೆ. ಒಂದು ಬೇಸಗೆಯ ಕಾವು ಒಳಗೆ ಕೂತಿತ್ತು. ಡಾಂಬರ ಗುಳಿಗೆಗಳು ಒಂದೂ ಉಳಿದಿರಲಿಲ್ಲ, ಅವುಗಳನ್ನು ಕಟ್ಟಿದ್ದ ಬಟ್ಟೆಯ ಗಂಟುಗಳು ಮಾತ್ರ ಖಾಲಿ ಬಿದ್ದಿದ್ದವು. ಅವುಗಳ ವಾಸನೆಯೂ ಹಾರಿಹೋಗಿ, ಕೆಳಗಿನಿಂದ ಯಂತ್ರದ ಎಣ್ಣೆ, ಬೆವರು, ಅವರು ಹಚ್ಚುತ್ತಿದ್ದ ಕೊಬ್ಬರಿ ಎಣ್ಣೆ ಎಲ್ಲ ಬಿಸಿಯಾಗಿ ಮೇಲೆದ್ದು ಬಂತು. ಭಾವನವರು ನೀಲಿ ಬಟ್ಟೆ ನೋಡಿದವರೇ ಅಲ್ಲೇ ನೆಲಕ್ಕೆ ಕುಸಿದು ಕೂತರು. ಊರಿನಲ್ಲಿ ತಮ್ಮನ ಹೆಣಕ್ಕೆ ಹೆಗಲು ಕೊಟ್ಟಾಗಲೂ ಗಟ್ಟಿಯಾಗಿದ್ದ ಮನುಷ್ಯ, ಟವೆಲ್ಲಿನಲ್ಲಿ ಮುಖ ಮುಚ್ಚಿಕೊಂಡು ಅತ್ತರು. ನಾನು ಅವರನ್ನು ನೋಡುತ್ತ ನಿಂತೆ. ಆ ವಾಸನೆ ನನ್ನ ಮೂಗಿಗೂ ಬಂದಿತ್ತು. ಕರವಸ್ತ್ರದ ಗಂಟು ತೆಗೆದುಕೊಂಡು ಬಿಚ್ಚಿದೆ. ಬಿಲ್ಲೆಗಳು ಸ್ವಲ್ಪ ಹಳದಿಗೆ ತಿರುಗಿದ್ದವು, ಒಂದೆರಡು ಕುಸಿದಿದ್ದವು. ಉಳಿದವು ನೆಟ್ಟಗೆ ನಿಂತಿದ್ದವು.

"ಇದೇನವಾ?" ಎಂದರು ಭಾವನವರು, ಮೂಗೊರೆಸಿಕೊಳ್ಳುತ್ತ.

"ನನ್ನ ಕೆಲಸರೀ. ಇದು ಬದುಕಿದ್ರ ನಾ ಬರೂದಿಲ್ಲ. ಸತ್ತಿದ್ರ ನಾನಾಗೇ ಬರ್ತೇನಿ, ನೀವು ಕರಿಯಾಕ ಬರೂದು ಬ್ಯಾಡ."

ಅವರು ನನ್ನನ್ನು ತುಸು ಹೆದರಿಕೆಯಿಂದ ನೋಡಿದರು. ತಲೆ ಕೆಟ್ಟಿದೆ ಎಂದುಕೊಂಡಿರಬೇಕು. ರೊಟ್ಟಿ ತಿಂದು, ತಮ್ಮನ ಒಂದು ಶರ್ಟು ಕೇಳಿ ಚೀಲದಲ್ಲಿಟ್ಟುಕೊಂಡು, ಸಂಜೆಯ ಬಸ್ಸಿಗೆ ಹೋದರು.

ಆ ಹಿಡಿ ಸೀಸೆಗಳಲ್ಲಿ ಕೆಲವನ್ನು ಡಾಕ್ಟರು ತಾವೇ ಒಡೆದು ಬುಡ್ಡಿಗಳಿಗೆ ಹಾಕಿದರು. ಮೊದಲ ದಿನಗಳಲ್ಲಿ ಏನೂ ಕಾಣಲಿಲ್ಲ. ಕೋಶಗಳು ಒಂದಕ್ಕೊಂದು ಅಂಟಿಕೊಂಡು ಹಾಯಾಗಿದ್ದವು. ನಾನು ಮನಸ್ಸಿನಲ್ಲೇ ಪಾತ್ರೆ ಪಗಡೆ ಕಟ್ಟತೊಡಗಿದ್ದೆ. ಬೆಂಗಳೂರಿನ ಬಗ್ಗೆ ಇಷ್ಟು ಬೈದವಳಿಗೆ, ಬಸ್ಸಿನ ಕಿಟಕಿಯಿಂದ ಹೆಬ್ಬಾಳದ ಕೆರೆ ಕಂಡಾಗ, ಇದನ್ನು ಇನ್ನು ನೋಡುವುದಿಲ್ಲವಲ್ಲ ಎಂದು ಅನ್ನಿಸಿತು. ಎಷ್ಟೋ ತಿಂಗಳ ಮೇಲೆ ನನಗೆ ಏನೋ ಒಂದು ಬೇಕು ಅನ್ನಿಸಿದ್ದು ಅದೇ ಮೊದಲು.

ವಾರ ತುಂಬುವ ಮುನ್ನ ಒಂದು ಬೆಳಿಗ್ಗೆ ಡಾಕ್ಟರು ಸೂಕ್ಷ್ಮದರ್ಶಕದಿಂದ ತಲೆ ಎತ್ತಿ ಸ್ಟೂಲು ಬಿಟ್ಟುಕೊಟ್ಟರು. ಕಣ್ಣಿಟ್ಟು ನೋಡಿದೆ. ಕೋಶಗಳ ಹಾಸಿನಲ್ಲಿ ಅಲ್ಲಲ್ಲಿ ತೂತು ಬಿದ್ದಿತ್ತು. ಮರುದಿನಕ್ಕೆ ತೂತುಗಳು ದೊಡ್ಡವಾದವು. ಫ್ರಿಜ್ಜಿನದರಷ್ಟು ಬಲವಿಲ್ಲ, ಅರ್ಧಕ್ಕಿಂತ ಹೆಚ್ಚು ಬಿಸಿಲಿನಲ್ಲೇ ಸತ್ತಿದೆ, ಆದರೆ ಒಂದು ಹಸುವನ್ನು ಕಾಯುವಷ್ಟು ಉಳಿದಿದೆ ಎಂದರು ಡಾಕ್ಟರು. ಒಂದು ಹಿಡಿ ಸೀಸೆ ನೋಡಿ ಯಾರೂ ಲಸಿಕೆಯನ್ನು ಒಪ್ಪುವುದಿಲ್ಲ, ಮುಂದಿನ ಬೇಸಗೆಗೆ ಸರಿಯಾಗಿ ಮತ್ತೆ ಮಾಡಬೇಕು, ಅದಕ್ಕೆ ಒಂದು ವರ್ಷ ಕೇಳುವಷ್ಟು ಧೈರ್ಯ ಇದರಿಂದ ಬಂತು ಎಂದರು. ವರ್ಷ ಸಿಕ್ಕಿತು. ನನ್ನ ಕೆಲಸ ಕಾಯಂ ಆಗಲಿಲ್ಲ, ಟೆಂಪರರಿಯಾಗಿಯೇ ಮುಂದುವರಿಯಿತು. ಗದಗಿಗೆ ಹೋಗಲಿಲ್ಲ.

ಲಸಿಕೆ ಉಳಿದಿದೆ ಎಂದು ಡಾಕ್ಟರು ಹೇಳಿದ ದಿನ ಸಂಜೆ ಅಜ್ಜಿ ನಮ್ಮ ಬಾಗಿಲಲ್ಲಿ ಕೂತು ಅವರೆ ಕಾಳು ಆರಿಸುತ್ತಿದ್ದಳು. ಆಕೆಗೆ ಹೇಳಬೇಕೋ ಬೇಡವೋ ಎಂದು ಯೋಚಿಸಿ, ಹೇಳಿದೆ. ಪೆಟ್ಟಿಗೆಯಲ್ಲಿ ಇನ್ನೂ ಒಂದಿಷ್ಟು ಸೀಸೆ ಇದ್ದವು, ಅವನ್ನು ಯಾರೂ ಮರಳಿನಲ್ಲಿಟ್ಟಿರಲಿಲ್ಲ, ಅವು ಶೀಟಿನ ಕೆಳಗೇ ಬೇಸಗೆ ಕಳೆದವು.

ಅಜ್ಜಿಯ ಕೈ ನಿಂತಿತು. "ಅಟ್ಟದ ಮ್ಯಾಲಿನ ಪೆಟ್ಗೇಲ? ಅದ್ನ ನಾನ್ ಮುಟ್ಲಿಲ್ಲ ಕಣ್ ಮಗ. ತೀರ್ಕಂಡೋನ ಪೆಟ್ಗೆ, ನೀನೇ ತೆಗೀಬೇಕಾದ್ದು ಅಂತ ಬಿಟ್ಟೆ."

"ಅಲ್ಲೇ ಇದ್ದವು."

"ಅಷ್ಟು ಬಿಸ್ಲಾಗೆ? ಒಂದು ತೊಟ್ಟು ತಣ್ಣೀರು ಸೋಕ್ದಂಗೆ?"

"ಹೂಂ."

"ಬದುಕ್ಕಂಡಿದ್ವಾ?"

"ಸ್ವಲ್ಪ ಬದುಕಿದ್ದವು ಅಜ್ಜಿ."

ಅಜ್ಜಿ ಒಳಗೆ ಬಂದಳು. ತಲೆಯೆತ್ತಿ, ಟ್ರಂಕಿದ್ದ ಜಾಗ ಖಾಲಿಯಾಗಿದ್ದ ಅಟ್ಟವನ್ನು ನೋಡಿದಳು. "ಪಾಪ" ಎಂದಳು. "ಒಂದಿನಾನೂ ಕೇಳ್ಲಿಲ್ವಲ್ಲ ನಾನು."

ಆಕೆ ಅಂದದ್ದು ಸೀಸೆಗಳಿಗೆ. ನನ್ನ ಕಡೆ ನೋಡಲೂ ಇಲ್ಲ. ಆದರೆ ಊರಿನ ಹೆಂಗಸರೆಲ್ಲ ಸೇರಿ ಮಾಡಲಾಗದ್ದು ಆ ಒಂದು ಮಾತಿಗೆ ಆಯಿತು. ನಾನು ಹರವಿಯ ಪಕ್ಕ ಮರಳಿನ ಮೇಲೇ ಕೂತುಬಿಟ್ಟೆ, ಸೀರೆ ಒದ್ದೆಯಾಯಿತು, ಅಳು ಬಂತು, ನಿಲ್ಲಲಿಲ್ಲ. ಅಜ್ಜಿ ಬೆಚ್ಚಲಿಲ್ಲ, ಏಕೆಂದು ಕೇಳಲಿಲ್ಲ. ಸೌಟಿನಿಂದ ಹರವಿಯ ನೀರು ಮೊಗೆದು ಚೊಂಬಿಗೆ ಹಾಕಿ ನನ್ನ ಪಕ್ಕ ಇಟ್ಟು, ಬಾಗಿಲಲ್ಲಿ ಮತ್ತೆ ಅವರೆ ಕಾಳು ಆರಿಸುತ್ತ ಕೂತಳು.